ಟ್ರಂಕ್‌ಕಾಲ್ ಅತ್ತೆಯ ಪ್ರಾರ್ಥನೆ

ಚರ್ಚಿನ ಸಭೆಯವರೆಲ್ಲ ಅವಳನ್ನು ಟ್ರಂಕ್‌ಕಾಲ್ ಅತ್ತೆ ಅನ್ನುತ್ತಿದ್ದರು, ಎದುರಿಗಲ್ಲ, ಅವಳು ಅತ್ತ ಹೋದ ಮೇಲೆ. ಪ್ರಾಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಜೋಡಿಸಿಕೊಟ್ಟವಳು. ಆ ಕೆಲಸದಿಂದ ಅವಳಿಗೆ ಎರಡು ಆಸ್ತಿ ಉಳಿದವು: ಗಂಟೆಯಂಥ ಗಂಟಲು, ಗೋಡೆಯಾಚೆಯ ಪಿಸುಮಾತನ್ನೂ ಹಿಡಿಯುವ ಕಿವಿ. ನಿವೃತ್ತಿಯಾದ ಮೇಲೆ ಎರಡನ್ನೂ ದೇವರಿಗೇ ಕೊಟ್ಟುಬಿಟ್ಟಳು. ಪಾಪ, ಕೆಟ್ಟ ಹೆಂಗಸಲ್ಲ. ಯಾರಿಗಾದರೂ ಜ್ವರ ಅಂದರೆ ಫ್ಲಾಸ್ಕು ಹಿಡಿದು ಮೊದಲು ಓಡುವವಳು ಅವಳೇ. ಫ್ಲಾಸ್ಕು ಖಾಲಿಯಾಗಿ ಬರುತ್ತಿತ್ತು, ಅವಳು ತುಂಬಿಕೊಂಡು ಬರುತ್ತಿದ್ದಳು, ಅಷ್ಟೇ.

ಭಾನುವಾರ ಪ್ರಸಂಗ ಮುಗಿಸಿ ಪಾದ್ರಿಗಳು, "ಆತ್ಮ ಪ್ರೇರಿಸಿದವರು ಪ್ರಾರ್ಥನೆ ಮಾಡಬಹುದು" ಎಂದರೆ ಸಾಕು, ಎರಡನೇ ಬೆಂಚಿನಲ್ಲಿ ಅತ್ತೆ ಎದ್ದು ನಿಲ್ಲುವಳು.

"ಕರ್ತನೇ, ನಮ್ಮ ಗಡಿಯಾರ ರಿಪೇರಿ ಸಹೋದರನನ್ನ ನಿನ್ನ ಪಾದಕ್ಕೆ ತರ್ತೀನಪ್ಪಾ. ಶನಿವಾರ ಸಂಜೆ ಅವನು ಎಲ್ಲಿ ಕೂತಿರ್ತಾನೆ, ಏನು ಕುಡೀತಾನೆ, ನಿನಗೊಬ್ಬನಿಗೇ ಗೊತ್ತು!"

ದೇವರೊಬ್ಬನಿಗೇ ಗೊತ್ತಿದ್ದದ್ದು ಹಾಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಸಹೋದರ ಕಣ್ಣು ಮುಚ್ಚಿ, ಕೈ ಜೋಡಿಸಿ, ಕಿವಿ ಕೆಂಪು ಮಾಡಿಕೊಂಡು ಕೂರಬೇಕು. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ ನೋಡಿ. ಮಾತು ದೇವರ ಜೊತೆ ನಡೆದಿರುವಾಗ ನಡುವೆ ನೀನ್ಯಾರು? ಒಂದು ಸಲ ಮುದುಕರೊಬ್ಬರಿಗೆ ಕೆಮ್ಮು ಬಂತು. ಅತ್ತೆ, "ಸೈತಾನನ ಅಡ್ಡಿಯನ್ನ ಗದರಿಸು ತಂದೆಯೇ" ಅಂದುಬಿಟ್ಟಳು. ಪಾಪ, ಅವರು ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಆಮೆನ್ ತನಕ ಕಣ್ಣೀರು ಸುರಿಸಿದರು. ಭಕ್ತಿಗೆ ಅಳುತ್ತಿದ್ದಾರೆಂದು ಪಕ್ಕದವರೂ ಅತ್ತರು.

ಆದರೆ ಅವಳ ಪ್ರಾರ್ಥನೆಯ ಕೊನೇ ಪಾಲು ಯಾವಾಗಲೂ ಮನೆಯ ಸೊಸೆಗೇ ಮೀಸಲು. ಮಗನಿಗೆ ಕನ್ನಡಕದ ಅಂಗಡಿ. ಸೊಸೆ ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವಳು. ಹತ್ತು ಮಾತಿಗೆ ಒಂದು ಉತ್ತರ ಕೊಡುವ ಜಾತಿ.

"ನನ್ನ ಸೊಸೆಯ ಬರಡು ಹೊಟ್ಟೆ ನೋಡಪ್ಪಾ. ತೊಟ್ಟಿಲು ಅಟ್ಟದ ಮೇಲೆ ಧೂಳು ತಿಂತಾ ಇದೆ. ಇವಳಲ್ಲಿ ಏನು ಪಾಪ ಅಡಗಿದೆಯೋ, ತೊಳೆದುಬಿಡು."

ಪಕ್ಕದಲ್ಲೇ ಕೂತ ಸೊಸೆಯ ಹೆಗಲ ಮೇಲೆ ಕೈಯಿಟ್ಟು ಅನ್ನುವಳು. ಸಭೆ "ಆಮೆನ್" ಅನ್ನುವುದು. ವರ್ಷಗಟ್ಟಲೆ.

ಒಂದು ಮಧ್ಯಾಹ್ನ ಸೊಸೆ ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅತ್ತೆ, ಡಾಕ್ಟರು ಇಬ್ಬರನ್ನೂ ನೋಡಿದ್ರು. ತೊಂದ್ರೆ ನನ್ನದಲ್ಲ, ನಿಮ್ಮ ಮಗಂದು. ಅವ್ರು ಯಾರಿಗೂ ಹೇಳ್ಬೇಡ ಅಂತ ಕಾಲು ಹಿಡ್ಕೊಂಡಿದ್ದಾರೆ. ನಾನು ಹೇಳಲ್ಲ. ನೀವು ಪ್ರಾರ್ಥನೆ ಒಂದು ನಿಲ್ಲಿಸಿ, ಸಾಕು."

ಅತ್ತೆ ಕೇಳಿದಳು, "ದಿಢೀರಂತ ನಿಲ್ಲಿಸಿದ್ರೆ ಜನ ಏನಂದ್ಕೋತಾರೆ ಕಣೇ?"

"ಏನಾದ್ರೂ ಅಂದ್ಕೊಳ್ಳಲಿ."

"ಅವನು ಗಂಡಸು. ನಾಕು ಜನರ ಮುಂದೆ ಅಂಗಡಿಯಲ್ಲಿ ಕೂರೋನು. ನೀನು ಒಳಗಡೆ ಇರೋಳು, ನಿನ್ನನ್ನ ಯಾರು ನೋಡ್ತಾರೆ?"

ಆ ಭಾನುವಾರದ ಪ್ರಾರ್ಥನೆ ಎಂದಿಗಿಂತ ಉದ್ದವಾಗಿತ್ತು. ಗಾಯನ ತಂಡದ ಹುಡುಗಿಯರು ಮೂಗು ಒರೆಸಿಕೊಂಡರು. ಸೊಸೆಯ ಹೆಗಲ ಮೇಲಿದ್ದ ಕೈಯನ್ನು ಮಾತ್ರ ಅತ್ತೆ ಆ ದಿನ ಆಮೆನ್‌ಗೆ ಮೊದಲೇ ತೆಗೆದಳು ಅನ್ನುತ್ತಾರೆ. ಇರಬಹುದು, ತಾಯಿ ಕರುಳು.

ಕಾಲ ಯಾರಿಗಾಗಿ ಕಾಯುತ್ತದೆ? ಅತ್ತೆಗೆ ಮಂಡಿ ಹೋಯಿತು, ಹಲ್ಲು ಹೋದವು, ಗಂಟಲು ಮಾತ್ರ ಗಟ್ಟಿ. ಆಮೇಲೆ ಒಂದು ಬೆಳಗ್ಗೆ ಹಾಸಿಗೆ ಒದ್ದೆ. ಮರುದಿನವೂ. ಎಕ್ಸ್‌ಚೇಂಜಿನಲ್ಲಿ ಇಸ್ತ್ರಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ, ಮೈಗೆ ಲ್ಯಾವೆಂಡರ್ ಪೌಡರು ಹಾಕದೆ ಹೊಸ್ತಿಲು ದಾಟಿದವಳಲ್ಲ. ಒದ್ದೆ ಸೀರೆಯನ್ನು ಮುದುಡಿ ಮಂಚದ ಕೆಳಗೆ ತಳ್ಳುತ್ತಿದ್ದಾಗ ಸೊಸೆ ಬಂದು ನಿಂತಳು. ಹಾಸಿಗೆ ಮಗುಚಿದಳು, ಹೊದಿಕೆ ತೆಗೆದುಕೊಂಡು ಬಚ್ಚಲಿಗೆ ಹೋದಳು. ಅತ್ತೆ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು.

"ನಿಂಗೆ ಕೈ ಮುಗೀತೀನಿ ಕಣಮ್ಮಾ. ಅವನಿಗೂ ಹೇಳ್ಬೇಡ. ಸಭೆಯವರಿಗೆ ಗೊತ್ತಾದ್ರೆ ನಾನು ಎದ್ದು ನಿಲ್ಲೋದು ಹೇಗೆ? ಅದೊಂದೇ ಉಳಿದಿರೋದು ನಂಗೆ."

ಸೊಸೆ ಸೋಪು ತಿಕ್ಕುತ್ತಲೇ ಇದ್ದಳು. "ಆಯ್ತು ಅತ್ತೆ. ಅಲ್ಲಿ ನೀರು ಚೆಲ್ಲಿದೆ, ಜಾರೀತು."

ತಿಂಗಳುಗಟ್ಟಲೆ ಅವಳು ತೊಳೆದಳು, ಒಣಗಿಸಿದಳು, ಗಂಡನಿಗೂ ಸುಳಿವು ಕೊಡಲಿಲ್ಲ. ಕೆಲವು ವಾರ ಸೊಸೆಯ ಮಾತೆತ್ತದಿದ್ದ ಅತ್ತೆಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ತಡ, ಎರಡನೇ ಬೆಂಚಿನಲ್ಲಿ ಎದ್ದು ಮತ್ತೆ ಶುರು: ತೊಟ್ಟಿಲು, ಧೂಳು, ಬರಡು ಹೊಟ್ಟೆ. ಅದಕ್ಕೊಂದು ಹೊಸ ಸಾಲೂ ಸೇರಿಸಿದಳು, "ನನ್ನ ವಂಶ ಇವಳಲ್ಲೇ ಮುಗೀತಲ್ಲಪ್ಪಾ!" ಬಾಯಿಗೆ ಅಭ್ಯಾಸವಾಗಿತ್ತು. ಹೊಟ್ಟೆಯಲ್ಲಿ ವಿಷ ಇರಲಿಲ್ಲ ಅಂತ ನಾನು ಇವತ್ತಿಗೂ ಅನ್ನುತ್ತೇನೆ, ಅಭ್ಯಾಸವೇ.

ಸಭೆ ಆಮೆನ್ ಅಂದಿತು. ಅತ್ತೆ ಕೂತಳು. ಪಕ್ಕದಲ್ಲಿ ಸೊಸೆ ಎದ್ದು ನಿಂತಳು.

ಆ ಚರ್ಚಿನಲ್ಲಿ ಅವಳ ದನಿ ಯಾರೂ ಕೇಳಿರಲಿಲ್ಲ. ಸಣ್ಣ ದನಿ, ಆದರೂ ಕೊನೇ ಬೆಂಚಿಗೆ ತಲುಪಿತು, ಯಾಕೆಂದರೆ ಎಲ್ಲರೂ ಉಸಿರು ಹಿಡಿದಿದ್ದರು. ಪ್ರತಿ ಭಾನುವಾರ ಅತ್ತೆಯ ಕೈ ತನ್ನ ಹೆಗಲ ಮೇಲೆ ಬೀಳುತ್ತಿದ್ದ ಹಾಗೆಯೇ ಅವಳ ಕೈ ಅತ್ತೆಯ ಹೆಗಲ ಮೇಲೆ ಬಿತ್ತು.

"ಕರ್ತನೇ, ನನಗೋಸ್ಕರ ಇಷ್ಟು ವರ್ಷ ಬೇಡಿದ ನನ್ನ ಅತ್ತೇನ ನಿನ್ನ ಪಾದಕ್ಕೆ ತರ್ತೀನಪ್ಪಾ."

ಅತ್ತೆಗೆ ಅರ್ಥವಾಯಿತು. ಲೈನು ಕೂಡುವ ಮೊದಲೇ ಆಚೆ ಯಾರೆಂದು ಹೇಳುತ್ತಿದ್ದವಳಿಗೆ ಅರ್ಥವಾಗದೆ ಇರುತ್ತದೆಯೇ? ಸೊಸೆಯ ಸೆರಗನ್ನು ಹಿಡಿದು ಕೆಳಗೆ ಎಳೆದಳು. "ಬೇಡ" ಎಂದು ತುಟಿ ಅಲ್ಲಾಡಿಸಿದಳು. ಜೋರಾಗಿ ಹೇಳುವುದು ಹೇಗೆ? ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ.

"ದಿನಾ ಬೆಳಗ್ಗೆ ಅವರ ಹಾಸಿಗೆ ಒದ್ದೆ ಆಗಿರತ್ತೆ ತಂದೆಯೇ. ಸೀರೆ ಮುದುಡಿ ಮಂಚದ ಕೆಳಗೆ ಬಚ್ಚಿಡ್ತಾರೆ. ಆ ವಾಸನೆ, ಆ ನಾಚಿಕೆ, ನಿನಗೊಬ್ಬನಿಗೇ ಗೊತ್ತು. ಅವರಲ್ಲಿ ಏನು ಪಾಪ ಅಡಗಿದೆಯೋ, ತೊಳೆದುಬಿಡು."

ಅದೇ ರಾಗ, ಅದೇ ಏರಿಳಿತ. ಇಷ್ಟು ವರ್ಷ ಕೇಳಿದವಳಲ್ಲವೇ. ಗಂಡನ ಗುಟ್ಟು ಅವಳ ಬಾಯಿಂದ ಆಗಲೂ ಬರಲಿಲ್ಲ.

"ಆಮೆನ್" ಅಂದಿತು ಸಭೆ. ಕೆಮ್ಮಿನ ಮುದುಕರ ಆಮೆನ್ ಎಲ್ಲರಿಗಿಂತ ಜೋರಾಗಿತ್ತು.

ಹೊರಗೆ ಮೆಟ್ಟಿಲ ಬಳಿ ಹೆಂಗಸರು ಅತ್ತೆಯನ್ನು ಸುತ್ತುವರಿದರು. "ಎಂಥಾ ಸೊಸೆ ಸಿಕ್ಕಿದಾಳೆ ಅತ್ತೆ ನಿಮಗೆ, ಮಗಳೂ ಹೀಗೆ ಬೇಡಲ್ಲ!" ಅಂದರು, ಅಂದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ದಾರಿಯುದ್ದಕ್ಕೂ ಸೊಸೆ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಬಂದಳು. ಬಾಗಿಲ ಬೀಗ ತೆಗೆಯುತ್ತಾ ಕೇಳಿದಳು, "ನಿಲ್ಲಿಸಿಬಿಟ್ರೆ ಜನ ಏನಂದ್ಕೋತಾರೆ ಅತ್ತೆ? ಮುಂದಿನ ವಾರಾನೂ ಮಾಡ್ತೀನಿ."

ಮುಂದಿನ ಭಾನುವಾರ ಎರಡನೇ ಬೆಂಚಿನಲ್ಲಿ ಅತ್ತೆ ಕೂರುವ ಜಾಗದಲ್ಲಿ ನೀಲಿ ರೆಕ್ಸಿನ್ ಮೆತ್ತೆಯೊಂದು ಇತ್ತು. ಸ್ತ್ರೀಯರ ಸಂಘದವರು ಪ್ರೀತಿಯಿಂದ ಹೊಲಿಸಿದ್ದು, ಒರೆಸಿದರೆ ಸಾಕು, ಕಲೆ ನಿಲ್ಲುವುದಿಲ್ಲ. ಅತ್ತೆ ಕೂತಾಗ ಅದು ಕಿರ್ರೆಂದಿತು. ಪಾದ್ರಿಗಳು, "ಆತ್ಮ ಪ್ರೇರಿಸಿದವರು" ಎಂದು ಅವಳ ಕಡೆಯೇ ನೋಡಿದರು. ಎದ್ದರೆ ಇನ್ನೊಮ್ಮೆ ಕಿರ್ರೆನ್ನುತ್ತದೆ. ಅತ್ತೆ ಅಲ್ಲಾಡದೆ ಕೂತಳು.

ಪಕ್ಕದಲ್ಲಿ ಸೊಸೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.