ಠ ಕಣ್ಣು ತೆರೆದ ದಿನ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನನ್ನ ಬಳಿ ಒಂದು ಎಣಿಕೆ ಪುಸ್ತಕವಿತ್ತು. ದಿನ, ಹೊತ್ತು, ಎಷ್ಟು ಎಂದು ಅದರಲ್ಲಿ ಬರೆದಿಡುತ್ತಿದ್ದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಬೀದಿಯಲ್ಲಿ ಎಷ್ಟು ನಾಯಿ, ನಮ್ಮ ಮೆಟ್ಟಿಲಲ್ಲಿ ಎಷ್ಟು ಬಿರುಕು, ಅಕ್ಕ ದಿನಕ್ಕೆ ಎಷ್ಟು ಸಲ ಕನ್ನಡಿ ನೋಡಿದಳು, ಎಲ್ಲಾ. ಆ ಪುಸ್ತಕ ಈಗಲೂ ನನ್ನ ಟ್ರಂಕಿನಲ್ಲಿದೆ. ಅದರಲ್ಲಿ ಒಂದು ಮಂಗಳವಾರದ ಪುಟದ ಮೇಲೆ ಮಾತ್ರ ಹಳದಿ ಬೆರಳ ಗುರುತಿದೆ.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಅವರ ಮನಸ್ಸೆಲ್ಲ ಇದ್ದದ್ದು ಅಚ್ಚಿನ ಅಕ್ಷರಗಳಲ್ಲಿ. ಆಗ ಪುಸ್ತಕ ಅಚ್ಚಾಗಬೇಕಾದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ ಬೇಕಿತ್ತು. ಮೊಳೆಗಳನ್ನು ಸಾಲಾಗಿ ಜೋಡಿಸಿ, ಮಸಿ ಹಚ್ಚಿ, ಕಾಗದ ಒತ್ತುತ್ತಿದ್ದರು. ಎಲ್ಲ ಪ್ರೆಸ್ಸುಗಳಲ್ಲೂ ಹೆಚ್ಚುಕಡಿಮೆ ಒಂದೇ ತರಹದ ಅಕ್ಷರ. ಅಪ್ಪ ಎರಡು ವರ್ಷದಿಂದ ತಮ್ಮದೇ ಹೊಸ ಅಕ್ಷರ ಬರೆಯುತ್ತಿದ್ದರು. ಗೆರೆ ದಪ್ಪವಾಗಿ ಹೊರಟು ತೆಳ್ಳಗಾಗಬೇಕು, ತಲೆಕಟ್ಟಿನ ತುದಿಯಲ್ಲಿ ಉಳಿ ಕಚ್ಚಿ ನಿಂತಂಥ ಚಿಕ್ಕ ಚೂಪು ಇರಬೇಕು. ಅದೇ ಅಕ್ಷರ ಸಣ್ಣದಾದಾಗ ಪುಸ್ತಕದ ಸಾಲಿಗೆ ಒಗ್ಗಬೇಕು, ದೊಡ್ಡದಾದಾಗ ಪುಸ್ತಕದ ಹೆಸರಿಗೂ ಒಪ್ಪಬೇಕು. ಆ ಚೂಪನ್ನು ಅವರು ಕಲಿತದ್ದು ತೊಣ್ಣೂರು ಕೆರೆಯ ಹತ್ತಿರ, ಅತ್ತಿಮರದ ಕೆಳಗಿದ್ದ ಒಂದು ಶಾಸನದ ಕಲ್ಲಿನಿಂದ.

ಪಾಂಡವಪುರದಲ್ಲಿ ಪ್ರೆಸ್ಸು ಇಟ್ಟಿದ್ದ ಮಾವ ಅಪ್ಪನ ಜೊತೆ ಓದಿದವರು. ಮೊಳೆ ಎರಕ ಹಾಕುವವರಿಗೆ ಕೊಡಲು ಅಪ್ಪನ ಅಕ್ಷರಗಳನ್ನು ಮಂಗಳವಾರ ಸಂಜೆ ಬಂದು ಒಯ್ಯುತ್ತೇನೆ ಎಂದಿದ್ದರು. "ಒಂದ್ ಅಕ್ಷರ ಕಮ್ಮಿ ಆದ್ರೂ ಊರಿಗೆಲ್ಲ ಇರೋ ಮೊಳೆನೇ ತರ್ಸ್ಕೊತೀನಿ ಕಣ್ಲಾ. ಆಮೇಕೆ ನನ್ ಮೇಲೆ ಮುನಿಸ್ಕೊಬ್ಯಾಡ" ಎಂದೂ ಹೇಳಿದ್ದರು. ನನ್ನ ಪುಸ್ತಕದಲ್ಲಿ ಹೀಗಿದೆ: ಬೇಕು ನಲವತ್ತೊಂಬತ್ತು, ಆಗಿದೆ ನಲವತ್ತೆಂಟು, ಬಾಕಿ ಠ.

ಅಪ್ಪ ಎಷ್ಟು ಠ ಬರೆದರೂ ಅದು ಉಳಿದ ಅಕ್ಷರಗಳ ನೆಂಟನಂತೆ ಕಾಣುತ್ತಿರಲಿಲ್ಲ. ಆ ಕಲ್ಲಿನಲ್ಲಿ ಠ ಇದ್ದದ್ದು ಒಂದೇ ಒಂದು, ಅದೂ ಕೊನೆಯ ಸಾಲಿನಲ್ಲಿ. ದಾನವನ್ನು ಕೆಡಿಸಿದವರಿಗೆ ಶಾಪ ಹಾಕುವ ಸಾಲು ಅದು; ಬೇರೆ ಶಾಸನಗಳಲ್ಲೂ ಓದಿದ್ದರಿಂದ ಅದರಲ್ಲಿ ಠ ಇದೆಯೆಂದು ಅಪ್ಪನಿಗೆ ಗೊತ್ತಿತ್ತು. ಅರಿಶಿನ ಮುಚ್ಚಿದೆಯೆಂದು ಹಿಂದೆ ಹೋದಾಗಲೆಲ್ಲ ಅಪ್ಪ ಆ ಸಾಲನ್ನು ಬಿಟ್ಟು ಬಂದಿದ್ದರು.

ಆ ಮಂಗಳವಾರ ಮೊದಲ ಬಸ್ಸಿಗೇ ಅಪ್ಪ, ಅಕ್ಕ, ನಾನು ಹೊರಟೆವು. ಕೆರೆಯ ನೀರು ಅಲುಗದೆ ನಿಂತಿತ್ತು. ಅತ್ತಿಹಣ್ಣು ಬಿದ್ದು ಕೊಳೆತ ಸಿಹಿ ವಾಸನೆ. ಕಲ್ಲಿನ ಕೆಳತುದಿಯಲ್ಲಿ ಅರಿಶಿನ ಬೆರಳು ದಪ್ಪಕ್ಕೆ ಮೆತ್ತಿಕೊಂಡಿತ್ತು. ಅಪ್ಪ ಬಿಂದಿಗೆಯ ನೀರು ಸುರಿದು ಬ್ರಷ್ಷಿನಿಂದ ಉಜ್ಜಿದರು. ಹಳದಿ ನೀರು ನಮ್ಮ ಕಾಲ್ಬೆರಳ ಸಂದಿಯಲ್ಲಿ ಹರಿಯಿತು. ಅದರಡಿಯಿಂದ ಒಂದು ದುಂಡನೆಯ ಠ ಹೊರಬಂತು.

ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರಗಳ ಗುಳಿಯೊಳಕ್ಕೆ ಕೂರಿಸಿದರು. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರು. ಕಾಗದವೆಲ್ಲ ಕಪ್ಪಾಗಿ ಅಕ್ಷರಗಳಷ್ಟೇ ಬೆಳ್ಳಗೆ ಉಳಿದವು. ಠ ಒಂದು ಬಿಳಿ ಬಳೆ, ಅದರ ನಡುವೆ ಒಂದು ಬಿಳಿ ಚುಕ್ಕಿ. ಅಕ್ಕ ನನ್ನ ಲಂಗದ ಅಂಚು ಹಿಡಿದುಕೊಂಡಳು.

ಅಷ್ಟರಲ್ಲಿ ಒಬ್ಬ ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಬಂದರು. ನೆಲದ ಮೇಲಿನ ಹಳದಿ ನೀರು ನೋಡಿ ಅಲ್ಲೇ ನಿಂತುಬಿಟ್ಟರು.

"ಅಯ್ಯೋ, ಅದ್ರ ಕಣ್ ತೊಳ್ದ್ಬುಟ್ಯಲ್ಲಪ್ಪಾ!"

"ಅಕ್ಷರ ಕಣಜ್ಜಿ ಅದು, ಕಣ್ಣಲ್ಲ" ಎಂದರು ಅಪ್ಪ.

"ನಿಂಗೆ ಅಕ್ಷರ. ನಮ್ಮತ್ತೆ, ಅವ್ರತ್ತೆ, ಎಲ್ರೂ ದಿನಾ ಅರಿಶ್ನ ಇಕ್ಕಿ ಮುಚ್ಚವ್ರೆ, ಅದು ಯಾರ್ನೂ ನೋಡ್ಬಾರ್ದು ಅಂತ." ಅಜ್ಜಿ ಬೆರಳನ್ನು ಬಟ್ಟಲಲ್ಲಿ ಅದ್ದಿ ಕಾಯುತ್ತಾ ನಿಂತರು. "ಕಲ್ಲಿಗೆ ನಾನ್ ಈಗ್ಲೇ ಇಕ್ತೀನಿ ಬುಡು. ನೀನು ಎತ್ಕೊಂಡ್ ಓಗ್ತಿದ್ದೀಯಲ್ಲ, ಅದ್ಕೆ ಯಾರಿಕ್ತಾರೆ?"

ಅಪ್ಪ ನಕ್ಕರು. ಆದರೆ ಒಣಗಿದ ಕಾಗದ ಸುತ್ತುವಾಗ ಮಸಿಯ ಕಡೆಯನ್ನು ಒಳಗೆ ಮಾಡಿದರು.

ಬಸ್ಸಿನಲ್ಲಿ ಆ ಸುರುಳಿ ನನ್ನ ತೊಡೆಯ ಮೇಲಿತ್ತು. ಹಿಂದಿನ ಸೀಟಿನಲ್ಲಿದ್ದ ಕೂಸು ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೂ ಸುರುಳಿಯ ತುದಿಯ ತೂತನ್ನೇ ನೋಡುತ್ತಾ ಅಳುತ್ತಿತ್ತು.

ಮಧ್ಯಾಹ್ನ ಅಪ್ಪ ಒಂದೇ ಉಸಿರಿಗೆ ಠ ಬರೆದರು. ಎರಡು ವರ್ಷ ಬಾರದ್ದು ಬಂದುಬಿಟ್ಟಿತ್ತು. ಉಳಿದ ನಲವತ್ತೆಂಟು ಹಾಳೆಗಳ ಜೊತೆ ಅದನ್ನೂ ಪಡಸಾಲೆಯ ದಾರಕ್ಕೆ ತೂಗುಹಾಕಿದರು. ಗಾಳಿಗೆ ಹಾಳೆಗಳೆಲ್ಲ ಅಲ್ಲಾಡಿದವು. ಠ ಕೂಡ ಅಲ್ಲಾಡಿತು, ಆದರೆ ಅದರ ನೋಟ ಅಲ್ಲಾಡಲಿಲ್ಲ. ನಾನು ಬಾಗಿಲಿನಿಂದ ನೋಡಿದೆ. ಕಿಟಕಿಯಿಂದ, ಒರಳಿನ ಹತ್ತಿರದಿಂದ, ಮಂಚದ ಕೆಳಗಿನಿಂದ, ಇನ್ನೂ ಮೂರು ಕಡೆಯಿಂದ ನೋಡಿದೆ. ಬರೆದುಕೊಂಡೆ: ನಿಂತ ಜಾಗ ಏಳು, ಅದು ನನ್ನನ್ನು ನೋಡಿದ್ದು ಏಳು. ದಿನಾ ಪಡಸಾಲೆಯಲ್ಲಿ ಮಲಗುತ್ತಿದ್ದ ಬೆಕ್ಕು ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ಹೋಯಿತು. ಅಕ್ಕ ಗೋಡೆಗೆ ಮುಖ ಮಾಡಿ ಕೂತಳು.

"ಬರ್ಕೊ, ಬರ್ಕೊ. ಅಕ್ಕ ಹೆದರ್ಕೊಂಡ್ಲು ಅಂತಾನೂ ಬರ್ಕೊ" ಎಂದಳು.

ಸಂಜೆ ಪ್ರೆಸ್ಸಿನ ಮಾವ ಬಂದರು. ಒಂದೊಂದೇ ಹಾಳೆ ನೋಡುತ್ತಾ, ತಲೆದೂಗುತ್ತಾ, ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಠ ಎದುರು ನಿಂತರು. ಎಡಕ್ಕೆ ಸರಿದರು. ಬಲಕ್ಕೆ ಸರಿದರು.

"ಇದ್ಯಾಕ್ಲಾ ಇಂಗೆ ನನ್ನೇ ದುರುಗುಟ್ಕೊಂಡ್ ನೋಡ್ತದೆ? ಓದೋರು ಪುಸ್ತಕ ಬಿಸಾಕಿ ಓಡೋಯ್ತಾರೆ ಅಷ್ಟೇಯಾ!"

"ನಿನ್ ಮುಖ ನೋಡಿ ಅದೇ ಹೆದರ್ಕೊಂಡೈತೆ" ಎಂದು ಅಪ್ಪ ನಗಲು ನೋಡಿದರು. ಮಾವ ನಗಲಿಲ್ಲ.

"ಇದ್ ಬ್ಯಾಡ. ಅಲ್ಲಿಗೆ ನಲ್ವತ್ತೆಂಟೇ ಆಯ್ತು. ನಾನ್ ಏನ್ ಯೋಳಿದ್ದೆ ನಿಂಗೆ?"

ಮಾವ ಕಂಕುಳಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ಮಂಚದ ಮೇಲೆ ಇಡತೊಡಗಿದರು. ಅಪ್ಪನ ಕೈ ಸುಮ್ಮನೆ ಇಳಿಬಿದ್ದಿತ್ತು. ನನ್ನ ಕಿವಿಯಲ್ಲಿ ಅಜ್ಜಿಯ ಮಾತೊಂದೇ ಇತ್ತು: ಅದ್ಕೆ ಯಾರಿಕ್ತಾರೆ?

ನಾನು ಅಡುಗೆಮನೆಗೆ ಓಡಿದೆ. ಅರಿಶಿನದ ಡಬ್ಬಿಗೆ ಒದ್ದೆ ಬೆರಳು ಅದ್ದಿ ಬಂದು, ಮಣೆ ಹತ್ತಿ, ಠ ನಡುವಿನ ಚುಕ್ಕಿಗೆ ಒತ್ತಿದೆ.

"ಹಾಳ್ ಮಾಡ್ಬುಟ್ಲಲ್ಲಪ್ಪಾ!" ಅಕ್ಕ ಕಿರುಚಿದಳು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಹಾಳೆಯ ಹತ್ತಿರ ಬಂದು ತುಂಬ ಹೊತ್ತು ನೋಡಿದರು. ನನ್ನ ಗಡಿಬಿಡಿಯಲ್ಲಿ ಅರಿಶಿನ ಚುಕ್ಕಿಯ ಮೇಲರ್ಧವನ್ನಷ್ಟೇ ಮುಚ್ಚಿತ್ತು. ಕಣ್ಣು ತಗ್ಗಿತ್ತು. ಅಪ್ಪ ಸುರುಳಿ ಬಿಚ್ಚಿ, ಕಲ್ಲಿನ ಅಚ್ಚಿನಲ್ಲಿದ್ದ ಚುಕ್ಕಿಯ ಮೇಲೆ ಉಗುರು ಆಡಿಸಿದರು.

"ಉಳಿಯ ಗೆರೆಗೆ ಅಂಚಿರುತ್ತೆ. ಇದಕ್ಕೆ ಅಂಚೇ ಇಲ್ಲ ನೋಡು ಮಗಾ" ಎಂದರು ಮೆಲ್ಲಗೆ. "ಕಲ್ಲು ಕೆತ್ತಿದವನು ಚುಕ್ಕಿ ಇಟ್ಟೇ ಇಲ್ಲ, ಆ ಕಾಲದ ಠ ಬರೀ ದುಂಡು. ಅರಿಶಿನ ಇಟ್ಟೂ ಇಟ್ಟೂ ಬೆರಳುಗಳೇ ಗುಳಿ ಮಾಡಿವೆ."

ಮುಚ್ಚಲು ಹೋದ ಬೆರಳುಗಳೇ ಅದಕ್ಕೆ ಕಣ್ಣು ಕೊಟ್ಟಿದ್ದವು.

ಮಾವನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅಪ್ಪ ಹೊಸ ಹಾಳೆ ಹಾಸಿದರು. ಅದೇ ದುಂಡು, ಅದೇ ತಲೆಕಟ್ಟು, ಅದೇ ಚೂಪು. ಚುಕ್ಕಿಯನ್ನು ಮಾತ್ರ ಒಂದು ಕೂದಲೆಳೆಯಷ್ಟು ಕೆಳಗಿಳಿಸಿದರು. ಮಾವ ಎಡಕ್ಕೆ, ಬಲಕ್ಕೆ ಸರಿದು ನೋಡಿದರು.

"ಈಗ ನನ್ನ ನೋಡಾಕಿಲ್ಲ. ಕೆಳಗಿನ್ ಸಾಲು ಓದ್ತಾ ಐತೆ ಕಣ್ಲಾ!" ಎಂದು ನಕ್ಕು, ನಲವತ್ತೊಂಬತ್ತನ್ನೂ ಎತ್ತಿಕೊಂಡು ಓಡಿದರು.

ಅಪ್ಪನ ಅಕ್ಷರಗಳಲ್ಲಿ ಆಮೇಲೆ ಎಷ್ಟೋ ಪುಸ್ತಕ ಅಚ್ಚಾದವು. ಆ ಠ ಯಾರನ್ನೂ ಹೆದರಿಸಲಿಲ್ಲ. ಆದರೆ ಕಲ್ಲಿನಿಂದ ತಂದ ಕಾಗದ ಮನೆಯಲ್ಲೇ ಉಳಿಯಿತು. ಮಂಗಳವಾರ ಬಂದರೆ ಅಪ್ಪ ಅದನ್ನು ಬಿಚ್ಚಿ ಒಂದು ಚುಕ್ಕಿ ಅರಿಶಿನ ಇಟ್ಟು ಮತ್ತೆ ಸುತ್ತಿಡುತ್ತಿದ್ದರು. ಏಕೆಂದು ನಾವು ಕೇಳಲಿಲ್ಲ. ಈಗ ನಾನು ಇಡುತ್ತೇನೆ. ತಪ್ಪಿದ ವಾರ ಒಂದೂ ಇಲ್ಲ, ಲೆಕ್ಕವಿದೆ.

ನಿಮಗೆ ಈಗ ಸೀಸದ ಮೊಳೆ ಬೇಡ, ಮಸಿ ಬೇಡ. ಬೆರಳು ಸೋಕಿದರೆ ನೂರು ತರಹದ ಅಕ್ಷರ ಬಂದು ನಿಲ್ಲುತ್ತವೆ. ಸಿಟ್ಟು ಬಂದರೆ ಎರಡು ಠ ಬರೆದು, ನಡುವೆ ಒಂದು ಗೆರೆ ಎಳೆದು, ದುರುಗುಟ್ಟುವ ಮುಖ ಮಾಡಿ ನನಗೂ ಕಳಿಸುತ್ತೀರಿ. ಕಳಿಸಿ ನಗುತ್ತೀರಿ. ಆ ಮುಖದಲ್ಲಿ ಚುಕ್ಕಿ ಸರಿಯಾಗಿ ನಡುವೆ ಇದೆ. ನೀವು ನಗುವಾಗ ಅದು ಎತ್ತ ನೋಡುತ್ತದೆಂದು ನೀವು ಗಮನಿಸಿಲ್ಲ.

ನನ್ನ ಫೋನಿನ ಗಾಜಿನ ಮೇಲೆ ಯಾವಾಗಲೂ ಹಳದಿ ಕಲೆ ಎಂದು ಗೊಣಗುತ್ತಾ ಒರೆಸಿಡುತ್ತೀರಲ್ಲ, ಅಡುಗೆ ಮಾಡಿದ ಕೈ ಎಂದು ಇಷ್ಟು ದಿನ ಹೇಳುತ್ತಿದ್ದೆ. ಅದು ಅಡುಗೆ ಮಾಡಿದ ಕೈಯಲ್ಲ. ಇನ್ನು ಮೇಲೆ ಒರೆಸಬೇಡಿ.