ಬೆನ್ನ ಹಿಂದಿನ ಓಟ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ವೃಷಭೇಂದ್ರಪ್ಪನವರ ಗ್ರಂಧಿಗೆ ಅಂಗಡಿ ಅಂದರೆ ಎಲ್ಲರಿಗೂ ಗೊತ್ತು. ವಿಭೂತಿ ಗಟ್ಟಿ, ರುದ್ರಾಕ್ಷಿ, ಊದುಬತ್ತಿ, ಬಾಣಂತಿಗೆ ಬೇಕಾದ ಬೇರು ನಾರು, ಏನು ಕೇಳಿದರೂ ಅಲ್ಲಿ ಸಿಗುತ್ತಿತ್ತು. ಅಂಥ ಮನೆಯ ಸೊಸೆ ಹೋಗಿ ಹೋಗಿ ರೇಸ್ ಕೋರ್ಸಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ ಅನ್ನುವ ಸುದ್ದಿ ಮೊಹಲ್ಲಾಕ್ಕೆ ಒಂದು ಇಡೀ ಮಳೆಗಾಲದ ಮಾತಿಗೆ ಸಾಕಾಯಿತು. ವಿಭೂತಿ ಕೊಳ್ಳಲು ಬಂದವರು ಕೂಡ ಗಲ್ಲಾದ ಕಡೆ ಬಗ್ಗಿ, ‘ಅಮ್ಮಾವ್ರು ಇವತ್ತು ಕುದುರೆ ಕಡೆಗಾ?’ ಎಂದು ಕೇಳಿ ನಗುತ್ತಿದ್ದರು.

ಸೊಸೆಯ ಹೆಸರು ಪ್ರೇಮಲೀಲಾ, ವೃಷಭೇಂದ್ರಪ್ಪನವರ ಹೆಂಡತಿ. ಬಿ.ಕಾಂ. ಫಸ್ಟ್ ಕ್ಲಾಸು. ಮದುವೆಯಾಗಿ ಬಂದ ಮೇಲೆ ಆ ಫಸ್ಟ್ ಕ್ಲಾಸು ಮಗಳು ಸುಷ್ಮಾಳ ಲೆಕ್ಕದ ಪಾಠಕ್ಕೆ ಬಂದದ್ದು ಬಿಟ್ಟರೆ ಇನ್ಯಾವುದಕ್ಕೂ ಬಂದಿರಲಿಲ್ಲ. ತೊಂಬತ್ತನೇ ಇಸವಿಯ ಸುಮಾರಿಗೆ ಅಂಗಡಿಗೆ ಬರುತ್ತಿದ್ದ ರಾಮಯ್ಯ ಮೇಷ್ಟ್ರು ಒಂದು ದಿನ ದಾರಿ ತೋರಿಸಿದರು. ಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ರೇಸಿನ ದಿನಗಳಲ್ಲಿ ಟಿಕೆಟ್ ಕೌಂಟರುಗಳ ಉಸ್ತುವಾರಿ ನೋಡುತ್ತಿದ್ದರು. ಕುದುರೆಯ ಮೇಲೆ ಹಣ ಕಟ್ಟುವವರಿಗೆ ಚೀಟಿ ಕೊಡುವುದು, ಗೆದ್ದವರಿಗೆ ಹಣ ಕೊಡುವುದು, ಇಷ್ಟೇ ಕೆಲಸ. ಲೆಕ್ಕ ಬಲ್ಲ ಹೆಣ್ಣುಮಕ್ಕಳು ಬೇಕಾಗಿದ್ದಾರೆ ಅಂದರು.

ಅತ್ತೆ ಪಾರ್ವತಮ್ಮ ಕೇಳಿದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟರು. ‘ರೇಸು ಅಂದ್ರೆ ಜೂಜು ಕಣವ್ವ. ನಮ್ಮನೇಲಿ ಇಸ್ಪೀಟ್ ಎಲೆ ಕೂಡ ಮುಟ್ಟಿದೋರಿಲ್ಲ.’

‘ನಾನೆಲ್ಲಿ ಆಡ್ತೀನಿ ಅತ್ತೆ? ಕೇಳಿದೋರಿಗೆ ಚೀಟಿ ಹರ್ಕೊಡ್ತೀನಿ ಅಷ್ಟೆ. ಬಸ್ ಕಂಡಕ್ಟ್ರು ಟಿಕೆಟ್ ಕೊಟ್ರೆ ಅವನೇನು ಊರೂರು ಅಲೆಯೋ ಚಟದೋನಾ?’

ಪಾರ್ವತಮ್ಮನಿಗೆ ಉತ್ತರ ಹೊಳೆಯುವಷ್ಟರಲ್ಲಿ ಸೊಸೆ ಸೀರೆ ನೆರಿಗೆ ಸರಿ ಮಾಡಿಕೊಂಡು ಹೊರಟಾಗಿತ್ತು. ಕೊನೆಗೆ ಅತ್ತೆ ಒಂದು ಷರತ್ತು ಹಾಕಿದರು: ಆ ಸಂಬಳದ ಕಾಸು ಮಠದ ದಾಸೋಹಕ್ಕೆ ಹೋಗಕೂಡದು. ಪ್ರೇಮಲೀಲಾ ಹೂಂ ಅಂದಳು. ಅಷ್ಟಕ್ಕೇ ಮುಗಿಯಿತು.

ಆ ಕೆಲಸ ಅವಳಿಗೆ ಏನಾಗಿತ್ತು ಅನ್ನುವುದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಮನೆಯಲ್ಲಿ ಅವಳು ಸೊಸೆ, ಅಂಗಡಿಯಲ್ಲಿ ಸಾವ್ಕಾರರ ಹೆಂಡತಿ, ಸ್ಕೂಲಿನಲ್ಲಿ ಸುಷ್ಮಾಳ ಅಮ್ಮ. ಆ ಕಬ್ಬಿಣದ ಕಿಟಕಿಯ ಹಿಂದೆ ಮಾತ್ರ ಅವಳು ಪ್ರೇಮಲೀಲಾ ಮೇಡಂ. ಅವಳ ಕೈಗುಣ ಚೆನ್ನಾಗಿದೆ ಅಂತ ನಂಬಿದ ಒಂದಷ್ಟು ಜನ ಪಕ್ಕದ ಕಿಟಕಿ ಖಾಲಿ ಇದ್ದರೂ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. ರೇಸಿನ ದಿನ ಬೆಳಿಗ್ಗೆ ಅವಳು ಬೇರೆಯೇ ಥರ ತಲೆ ಬಾಚಿಕೊಳ್ಳುತ್ತಿದ್ದಳು. ಇದನ್ನು ಗಂಡ ಗಮನಿಸಿದ್ದರೂ ಏನೂ ಅಂದವರಲ್ಲ. ವೃಷಭೇಂದ್ರಪ್ಪ ಆ ಮಟ್ಟಿಗೆ ದೊಡ್ಡ ಮನಸ್ಸಿನವರು.

ಇನ್ನೊಂದು ವಿಷಯ ಕೇಳಿದರೆ ನಗು ಬರಬಹುದು. ಹನ್ನೆರಡು ಹದಿಮೂರು ವರ್ಷ ರೇಸ್ ಕೋರ್ಸಿನಲ್ಲಿ ಕೆಲಸ ಮಾಡಿದ ಪ್ರೇಮಲೀಲಾ ಒಂದು ಕುದುರೆ ಓಡಿದ್ದನ್ನೂ ಕಂಡವಳಲ್ಲ. ಕೌಂಟರುಗಳಿದ್ದದ್ದು ಜನ ಕೂತು ಓಟ ನೋಡುವ ಸ್ಟ್ಯಾಂಡಿನ ಕೆಳಗೆ. ಅವಳ ಮುಖ ಜನರ ಕಡೆಗೆ, ಬೆನ್ನು ಓಟದ ಕಡೆಗೆ, ನಡುವೆ ಗೋಡೆ. ಗಂಟೆ ಹೊಡೆದರೆ ಕಿಟಕಿ ಮುಚ್ಚಬೇಕು, ಜನ ಮೇಲಕ್ಕೆ ಓಡುತ್ತಾರೆ, ಅಷ್ಟರಲ್ಲಿ ಇವಳು ಮಾರಿದ ಚೀಟಿಯ ಲೆಕ್ಕ ಹಾಕಿ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳಬೇಕು. ಕುದುರೆ ಅಂದರೆ ಅವಳಿಗೆ ಒಂದು ನಂಬರು. ಗೆಲ್ಲುತ್ತದೆ ಅಂತ ಕಟ್ಟಿದರೆ ಮೂರು ವಿನ್, ಮೊದಲ ಮೂರರೊಳಗೆ ಬರುತ್ತದೆ ಅಂತ ಕಟ್ಟಿದರೆ ಏಳು ಪ್ಲೇಸ್. ಅದಕ್ಕೆ ನಾಲ್ಕು ಕಾಲಿದೆ ಅನ್ನುವುದು ಕೂಡ ಕೇಳಿ ಗೊತ್ತು ಅಷ್ಟೆ.

ಓಟದ ಗತಿಯೆಲ್ಲ ಅವಳಿಗೆ ತಿಳಿಯುತ್ತಿದ್ದದ್ದು ಸದ್ದಿನಿಂದ. ತಲೆಯ ಮೇಲಿನ ಕೂಗು ಏರುತ್ತಾ ಏರುತ್ತಾ ಕೇಕೆಯಾದರೆ ಫೇವರಿಟ್ ಗೆದ್ದಿದೆ ಎಂದು ಅರ್ಥ. ಎಲ್ಲರೂ ಕಟ್ಟಿದ ಕುದುರೆ ಗೆದ್ದರೆ ಹಣಕ್ಕೆ ಉದ್ದ ಸಾಲು, ಮನೆ ಸೇರುವಾಗ ಕತ್ತಲೆ. ಕೂಗು ಅರ್ಧಕ್ಕೇ ‘ಓ’ ಅಂತ ಮುರಿದು ಬಿದ್ದರೆ ಫೇವರಿಟ್ ಸೋತಿದೆ. ಸಾಲು ಚಿಕ್ಕದು. ಕೊನೆಯ ಓಟದಲ್ಲಿ ಆ ‘ಓ’ ಕೇಳಿಸಿದರಂತೂ ಅವಳಿಗೆ ಒಳಗೊಳಗೇ ಖುಷಿ, ಬೇಗ ಬಸ್ಸು ಹಿಡಿಯಬಹುದು. ಬ್ಯಾಗಿಗೆ ಫ್ಲಾಸ್ಕು ತುಂಬಿಕೊಳ್ಳುತ್ತಾ ಪಕ್ಕದ ಕೌಂಟರಿನವಳಿಗೆ ಕಣ್ಣು ಮಿಟುಕಿಸುತ್ತಿದ್ದಳು.

ಎರಡು ಸಾವಿರದ ಮೂರರ ಕೊನೆಯಲ್ಲಿ ಅವಳು ಮಗಳ ಬಾಣಂತನಕ್ಕೆ ನ್ಯೂಜಿಲೆಂಡಿಗೆ ಹೋದಳು. ಅಳಿಯ ಗುರುಕಿರಣ್ ಮೈಸೂರಿನಲ್ಲೇ ಆಹಾರದ ವಿಷಯ ಓದಿ, ಅಲ್ಲಿ ಒಂದು ಸಣ್ಣ ಊರಿನ ಹಾಲಿನ ಪುಡಿ ಕಾರ್ಖಾನೆಯಲ್ಲಿದ್ದ. ಅಂಗಡಿಯಿಂದ ಕಟ್ಟಿಕೊಂಡು ಹೋದ ಬಾಣಂತಿ ಖಾರವನ್ನು ವಿಮಾನ ನಿಲ್ದಾಣದಲ್ಲಿ ನಾಯಿ ಬಿಟ್ಟು ಮೂಸಿಸಿದರಂತೆ. ಅದನ್ನು ಅವಳು ಫೋನಿನಲ್ಲಿ ಅತ್ತೆಗೆ ಹೇಳಿ ಹೇಳಿ ನಗಿಸಿದಳು.

ಜನವರಿ ಅಲ್ಲಿ ಬೇಸಿಗೆ. ಆ ಊರಿನಲ್ಲಿ ವರ್ಷಕ್ಕೊಂದು ದಿನ ರೇಸು. ಹುಲ್ಲುಗಾವಲಿನ ಅಂಚಿನಲ್ಲಿ ಹಳೇ ಮರದ ಸ್ಟ್ಯಾಂಡು, ಕಾರಿನ ಹಿಂದೆ ಚಾಪೆ ಹಾಸಿ ಬುತ್ತಿ ಬಿಚ್ಚಿದ ಸಂಸಾರಗಳು, ಹೆಂಗಸರ ತಲೆಯ ಮೇಲೆ ಹೂದಾನಿಯಷ್ಟು ದೊಡ್ಡ ಟೋಪಿಗಳು. ತಾನೊಬ್ಬಳೇ ಬರಿತಲೆಯವಳು ಅಂತ ಪ್ರೇಮಲೀಲಾ ಸೆರಗು ಹೊದ್ದುಕೊಂಡಳು. ಗುರುಕಿರಣ್ ಸಿಕ್ಕಿದವರಿಗೆಲ್ಲ, ನಮ್ಮತ್ತೆ ಇಂಡಿಯಾದಲ್ಲಿ ರೇಸಿನಲ್ಲೇ ಇರುವವರು ಅಂತ ಹೇಳಿಬಿಟ್ಟಿದ್ದ. ಪಕ್ಕದ ಮನೆಯ ಮುದುಕಿ ಮಾರ್ಗರೆಟ್ ಇವಳ ಕೈ ಹಿಡಿದು ಕುದುರೆಗಳನ್ನು ಸುತ್ತಾಡಿಸುವ ಜಾಗಕ್ಕೇ ಎಳೆದುಕೊಂಡು ಹೋದಳು. ನೀವೇ ಹೇಳಿ, ಈ ಸಲ ಗೆಲ್ಲುವುದು ಯಾವುದು ಅಂತ ಕೇಳಿದಳು.

ಅಷ್ಟು ಹತ್ತಿರದಿಂದ ಅವಳು ರೇಸಿನ ಕುದುರೆ ನೋಡಿದ್ದು ಅದೇ ಮೊದಲು. ಇಷ್ಟುದ್ದ ರೆಪ್ಪೆ ಇರುತ್ತದೆ ಅಂತ ಗೊತ್ತಿರಲಿಲ್ಲ. ಚರ್ಮದ ಕೆಳಗೆ ನರಗಳು ಮಿಡಿಯುತ್ತಿದ್ದವು. ಬೆವರು, ಹುಲ್ಲು, ಬಿಸಿಲು ಬೆರೆತ ವಾಸನೆ ಬರುತ್ತಿತ್ತು. ಒಂದರ ಹಣೆಯ ಮೇಲೆ ವಿಭೂತಿ ಬಳಿದ ಹಾಗೆ ಬೆಳ್ಳಗಿತ್ತು. ಗ್ರಂಧಿಗೆ ಅಂಗಡಿಯ ಸೊಸೆಗೆ ಅಷ್ಟೇ ಸಾಕಾಯಿತು. ಅದೇ ಅಂತ ಬೆರಳು ತೋರಿಸಿದಳು. ನಂಬಿದರೆ ನಂಬಿ, ಅದೇ ಗೆದ್ದಿತು. ಓಟದ ದಾರಿಯ ಕಂಬಿಗೆ ಒರಗಿ ನಿಂತಿದ್ದ ಪ್ರೇಮಲೀಲಾ ತನ್ನ ವಯಸ್ಸು ಮರೆತು, ‘ಓಡೋ ನನ್ನಪ್ಪಾ, ಓಡೋ!’ ಅಂತ ಕೂಗಿದ ಕೂಗಿಗೆ ಕೂಸಿನ ತಳ್ಳುಗಾಡಿಯಲ್ಲಿದ್ದ ಮೊಮ್ಮಗು ಬೆಚ್ಚಿ ಅತ್ತಿತು. ನೆಲ ನಡುಗಿಸಿಕೊಂಡು ಆ ಪ್ರಾಣಿಗಳು ಎದುರಿನಿಂದ ಹಾದುಹೋದಾಗ ಎದೆ ತುಂಬಿ ಬಂದದ್ದು ಸುಳ್ಳಲ್ಲ. ಇಷ್ಟು ವರ್ಷ ಇದನ್ನು ನೋಡದೆ ಹೋದೆನಲ್ಲ ಅಂದುಕೊಂಡಳು.

ಅದರ ಮುಂದಿನ ಓಟದಲ್ಲಿ ತಿರುವಿನ ಹತ್ತಿರ ಒಂದು ಕಂದು ಕುದುರೆ ಮುಗ್ಗರಿಸಿತು. ಎದ್ದಿತು. ಮುಂಗಾಲು ಮಂಡಿಯ ಕೆಳಗೆ ಬೇರೆ ಯಾರದೋ ಕಾಲಿನ ಹಾಗೆ ಜೋತಾಡುತ್ತಿತ್ತು. ಆ ಕಾಲಲ್ಲೂ ಅದು ಉಳಿದ ಕುದುರೆಗಳ ಹಿಂದೆ ಓಡಲು ನೋಡಿತು. ಏರುತ್ತಿದ್ದ ಜನರ ಕೂಗು ‘ಓ’ ಅಂತ ಮುರಿದು ಬಿತ್ತು.

ಪ್ರೇಮಲೀಲಾ ಕಂಬಿ ಹಿಡಿದುಕೊಂಡಳು. ಈ ಸದ್ದು ಅವಳಿಗೆ ಗೊತ್ತು. ಮೈಸೂರಿನಲ್ಲಿ ಗೋಡೆಯ ಆಚೆಯಿಂದ ಎಷ್ಟೋ ಸಲ ಕೇಳಿದ್ದಾಳೆ. ಕೇಳಿದಾಗೆಲ್ಲ ಫೇವರಿಟ್ ಸೋತಿತು ಅಂದುಕೊಂಡಿದ್ದಾಳೆ. ಎಲ್ಲ ಸಲವೂ ಬರೀ ಸೋಲೇ ಇದ್ದಿರಬಹುದಾ? ಎಷ್ಟು ಸಲ ಸೋಲು, ಎಷ್ಟು ಸಲ ಇದು? ಕಣ್ಣು ಮಿಟುಕಿಸಿದ್ದು ಯಾವುದಕ್ಕೆ?

ನಾಲ್ಕು ಜನ ಆ ಕುದುರೆಯ ಸುತ್ತ ಹಸಿರು ಬಟ್ಟೆಯ ಪರದೆ ಹಿಡಿದು ನಿಂತರು. ಚೀಲ ಹಿಡಿದ ಡಾಕ್ಟರು ಒಳಗೆ ಹೋದರು. ಕಾಲು ಮುರಿದರೆ ಉಳಿಯುವುದಿಲ್ಲ, ಸೂಜಿ ಕೊಟ್ಟು ಸಾಯಿಸುತ್ತಾರೆ ಅಂದಳು ಮಾರ್ಗರೆಟ್. ಕೆಲವು ಗಂಡಸರು ಟೋಪಿ ತೆಗೆದರು. ಸ್ವಲ್ಪ ಹೊತ್ತಿಗೆ ಧ್ವನಿವರ್ಧಕ ಮುಂದಿನ ಓಟದ ಸಮಯ ಹೇಳಿತು, ಜನ ಟೋಪಿ ಹಾಕಿಕೊಂಡು ಕೌಂಟರಿನ ಕಡೆ ನಡೆದರು. ಮಾರ್ಗರೆಟ್ ಕಣ್ಣೊರೆಸಿಕೊಂಡಳು. ಪ್ರತಿ ವರ್ಷವೂ ಇನ್ನು ಬರುವುದಿಲ್ಲ ಅಂದುಕೊಳ್ಳುತ್ತೇನೆ, ಆದರೆ ನನ್ನ ಗುರುತಿನವರೆಲ್ಲ ಇಲ್ಲೇ ಸೇರುತ್ತಾರಲ್ಲ ಅಂದಳು. ಆಮೇಲೆ ಕೇಳಿದಳು: ನಿಮ್ಮ ಊರಿನಲ್ಲೂ ಹೀಗಾಗುತ್ತದಾ?

ರೇಸಿನಲ್ಲೇ ಇರುವವಳು ಅಂತ ಎಲ್ಲರ ಮುಂದೆ ಮೆರೆಸಿಕೊಂಡಿದ್ದ ಪ್ರೇಮಲೀಲಾ ತನಗೆ ಬರುವ ಇಂಗ್ಲಿಷಿನಲ್ಲಿ, ನನಗೆ ಗೊತ್ತಿಲ್ಲ ಅಂದಳು. ಅಂಥ ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಆ ಸಂಜೆ ಸುಷ್ಮಾ ಬಿಡಲಿಲ್ಲ. ‘ಅಮ್ಮ, ಇಷ್ಟು ವರ್ಷ ಅಲ್ಲೇ ಕೂತಿದ್ದೆ, ನಿಂಗೆ ಗೊತ್ತಿಲ್ವಾ?’

‘ನಾನು ಕೂತಿದ್ದು ಜನರ ಕಡೆ ಮುಖ ಮಾಡ್ಕೊಂಡು ಕಣೆ.’

ಅಮ್ಮನ ಮುಖ ನೋಡಿ ಸುಷ್ಮಾ ಮೆತ್ತಗಾದಳು. ‘ಹೋಗ್ಲಿ ಬಿಡಮ್ಮ. ನೀನೇನು ಕುದುರೆಗೆ ಚಾಟಿ ಹೊಡೆದ್ಯಾ? ಕೇಳಿದೋರಿಗೆ ಚೀಟಿ ಕೊಟ್ಟೆ ಅಷ್ಟೆ.’

ಹಿಂದೆ ಅತ್ತೆಯ ಬಾಯಿ ಮುಚ್ಚಿಸಿದ್ದ ಮಾತು ಮಗಳ ಬಾಯಲ್ಲಿ ಕೇಳಿದಾಗ ಅದರಲ್ಲಿ ಹುರುಳೇ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಮೈಸೂರಿನ ರೇಸಿನ ಸೀಸನ್ ಶುರುವಾಗುವ ತನಕ ಅವಳು ಒಳಗೇ ಕುದಿದಳು. ಬಿಡಬೇಕು ಅನ್ನಿಸುತ್ತಿತ್ತು. ಬಿಟ್ಟರೆ ತಾನು ಏನು? ಮಗಳ ಮನೆಯೂ ದೂರವಾಯಿತು, ಆ ಕಿಟಕಿಯೂ ಹೋದರೆ ಇನ್ನು ಉಳಿದ ದಿನವೆಲ್ಲ ಊದುಬತ್ತಿ ಕಟ್ಟು ಎಣಿಸಿಕೊಂಡು ಕೂರುವುದೇ. ಕೆಲಸ ಬಿಡದೆ ಇರಲು ಒಂದು ದಾರಿ ಹುಡುಕಿದಳು. ಕಣ್ಣು ಮುಚ್ಚಿಕೊಂಡು ಕೂತದ್ದು ತಾನೇ ತಪ್ಪು? ಇನ್ನು ಮೇಲೆ ಪ್ರತಿ ಓಟವನ್ನೂ ನೋಡುವುದು. ಆಗಿದ್ದನ್ನು ಆಯಿತು ಅಂತ ತಿಳಿದುಕೊಂಡೇ ಕೆಲಸ ಮಾಡುವುದು.

ಮೊದಲ ದಿನವೇ ರಾಮಯ್ಯ ಮೇಷ್ಟ್ರನ್ನು ಕೇಳಿದಳು: ಇಲ್ಲೂ ಕುದುರೆಗಳು ಬಿದ್ದು ಸಾಯುತ್ತವಾ? ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

‘ಆಗ್ತದೆ ಕಣಮ್ಮ, ಆಗೊಮ್ಮೆ ಈಗೊಮ್ಮೆ. ಓಡೋ ಪ್ರಾಣಿ, ಬೀಳದೆ ಇರ್ತದಾ? ರೇಸ್ ಇರೋ ಕಡೆಯೆಲ್ಲ ಇದ್ದದ್ದೇ. ಆದ್ರೆ ನಾವು ನೋಡಕ್ಕೆ ಹೋಗಬಾರ್ದು. ನೋಡ್ಬುಟ್ರೆ ಚೀಟಿ ಕೊಡಕ್ಕೆ ಕೈ ಏಳಲ್ಲ.’

‘ನಾನು ನೋಡ್ಬೇಕು ಮೇಷ್ಟ್ರೇ. ನೋಡಿದ್ರೇನೇ ನಂಗೆ ಇಲ್ಲಿ ಕೂರಕ್ಕಾಗೋದು. ಲೆಕ್ಕ ಆಮೇಲೆ ಮಾಡ್ತೀನಿ.’

ಮೇಷ್ಟ್ರು ಒಪ್ಪಿಕೊಂಡರು. ಗಂಟೆ ಹೊಡೆದಾಗೆಲ್ಲ ಅವಳು ಮೆಟ್ಟಿಲು ಹತ್ತಿ ಜನರ ಸಂದಿಯಲ್ಲಿ ನಿಂತಳು. ಬೆಟ್ಟದ ತಪ್ಪಲಲ್ಲಿ ಸವಾರರ ಬಣ್ಣ ಬಣ್ಣದ ಅಂಗಿಗಳು ಸರಿದು ಬಂದವು. ಚಂದವಾಗಿತ್ತು, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಓಟದ ಕೊನೆಯ ಹಂತದಲ್ಲಿ ಜಾಕಿಗಳ ಚಾಟಿ ಹಿಡಿದ ತೋಳು ಮೇಲೆದ್ದು ಕೆಳಗಿಳಿಯುವುದನ್ನೂ ನೋಡಿದಳು. ಮುಂದಿದ್ದ ಕುದುರೆಗೂ ಏಟು, ಎಂದೋ ಹಿಂದೆ ಬಿದ್ದಿದ್ದಕ್ಕೂ ಏಟು. ಓಟ ಮುಗಿದಾಗ ಎಲ್ಲ ಕುದುರೆಗಳೂ ತಮ್ಮ ಕಾಲ ಮೇಲೇ ವಾಪಸು ಬಂದವು. ಪ್ರತಿ ಸಲವೂ ಉಸಿರು ಬಿಟ್ಟು ಕೆಳಗಿಳಿದು, ಕಿಟಕಿ ತೆಗೆದು, ಸಾಲಿನವರಿಗೆ ಹಣ ಕೊಟ್ಟಳು. ಇದು ನಡೆಯುತ್ತದೆ ಅನ್ನಿಸಿತು. ತನ್ನ ಕೆಲಸ ತನಗೆ ಉಳಿಯಿತು ಅಂತ ಸಮಾಧಾನವೂ ಆಯಿತು.

ಕೊನೆಯ ಓಟದ ಹೊತ್ತಿಗೆ ಲೆಕ್ಕ ಹಿಂದೆ ಬಿದ್ದಿತ್ತು. ಇದೊಂದು ಬಿಡೋಣ ಅಂತ ಕೂತು ಚೀಟಿಯ ಮೊತ್ತ ಕೂಡಿಸತೊಡಗಿದಳು. ತಲೆಯ ಮೇಲೆ ಕಾಲುಗಳ ಗುಡುಗು, ಕೂಗು ಏರಿತು, ಏರಿತು, ‘ಓ’ ಅಂತ ಮುರಿಯಿತು.

ಸದ್ಯ, ಬೇಗ ಹೊರಡಬಹುದು.

ಹಾಗೆ ಅಂದುಕೊಂಡಾಗಿತ್ತು. ಫ್ಲಾಸ್ಕು ಬ್ಯಾಗಿನೊಳಗೆ ಹೋಗಿಯಾಗಿತ್ತು. ತುಟಿಯ ಮೇಲೆ ನಗು ಬಂದಾಗಿತ್ತು. ಆಮೇಲೆ ಅವಳಿಗೆ ಅರಿವಾಯಿತು. ಕುರ್ಚಿ ತಳ್ಳಿ ಎದ್ದು, ಸೀರೆ ಎತ್ತಿ ಹಿಡಿದು ಮೆಟ್ಟಿಲು ಓಡಿದಳು. ಇಳಿದು ಬರುತ್ತಿದ್ದವರನ್ನು ಮೊಣಕೈಯಲ್ಲಿ ತಳ್ಳಿ ಮುಂದೆ ಹೋಗಿ ನೋಡಿದಳು. ಕುದುರೆಗಳು ಬೆವರು ಸುರಿಸುತ್ತಾ ನಿಧಾನವಾಗಿ ವಾಪಸು ಬರುತ್ತಿದ್ದವು. ಎಣಿಸಿದಳು. ಒಂದೂ ಕಡಿಮೆಯಿರಲಿಲ್ಲ. ಫೇವರಿಟ್ ಸೋತಿತ್ತು, ಅಷ್ಟೆ. ಪ್ರೇಮಲೀಲಾ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಮೇಲೆ ಎದ್ದು ಬಂದು, ಗೆದ್ದ ಕೆಲವರಿಗೆ ಹಣ ಕೊಟ್ಟು, ಕಿಟಕಿ ಮುಚ್ಚಿ, ಡ್ರಾಯರಿನ ಬೀಗದ ಕೈ ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. ನಾಳೆಯಿಂದ ಬರುವುದಿಲ್ಲ ಅಂದಳು. ಹೇಳಿ, ಒಮ್ಮೆ ತಿರುಗಿ ಕಿಟಕಿಯ ಕಡೆ ನೋಡಿದಳು. ಆ ಕಿಟಕಿಯನ್ನು ಅವಳು ಅಷ್ಟು ಪ್ರೀತಿಸಿದ್ದಳು.

ರಾಮಯ್ಯನವರು ಗಾಬರಿಯಾದರು. ‘ಯಾಕಮ್ಮ? ಇವತ್ತು ಏನೂ ಆಗ್ಲಿಲ್ವಲ್ಲ? ಎಲ್ಲಾ ಕುದುರೆನೂ ಚೆನ್ನಾಗೇ ಬಂದ್ವು.’

‘ಬಂದ್ವು ಮೇಷ್ಟ್ರೇ. ಆದ್ರೆ ಬಂದ್ವೋ ಇಲ್ವೋ ಅಂತ ನೋಡೋಕ್ಕೆ ಮುಂಚೆನೇ ನಂಗೆ ಖುಷಿಯಾಗ್ಬುಡ್ತು. ಜನ ಓ ಅಂದ್ರು, ನಾನು ಬ್ಯಾಗ್ ತುಂಬ್ಕೊಂಡೆ. ಯಾವ ಓ ಅಂತ ಕೂಡ ನೋಡ್ಲಿಲ್ಲ.’

ಮೇಷ್ಟ್ರ ಮೇಜಿನ ಪಕ್ಕದಲ್ಲಿ ಅವರ ಚೀಲವೂ ಆಗಲೇ ತುಂಬಿ ಸಿದ್ಧವಾಗಿತ್ತು. ಅದನ್ನು ಒಮ್ಮೆ ನೋಡಿದರು, ಬೀಗದ ಕೈಯನ್ನು ನೋಡಿದರು.

‘ಇದನ್ನ ನಂಗ್ಯಾಕಮ್ಮ ಹೇಳ್ದೆ?’ ಅಂದರು. ‘ನಾಳೆನೂ ನಾನು ಇಲ್ಲೇ ಕೂರಬೇಕಲ್ಲ.’