ಎರಡನೆಯ ಶಾಂತಿಸಭೆ

ನಾನು ಮಂಡ್ಯದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಊರೂರುಗಳ ಹಳೆಯ ಗಲಾಟೆ, ಆಮೇಲಾದ ರಾಜಿ, ಇವುಗಳ ಫೋಟೊ, ಧ್ವನಿ, ವಿಡಿಯೊ ಒಟ್ಟುಮಾಡಿ ವೆಬ್‌ಸೈಟಿಗೆ ಹಾಕುತ್ತಿದ್ದ ಗೆಳೆಯರು ನಿಮ್ಮೂರಿನದನ್ನು ನೀವೇ ಮಾಡಿಕೊಡಿ ಎಂದರು. ಒಪ್ಪಿಕೊಂಡೆ. ಮಳವಳ್ಳಿ ಕಡೆಯ ನಮ್ಮೂರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು, ನಮ್ಮ ಕೇರಿಯವರು ದೇವಸ್ಥಾನದೊಳಗೆ ಕಾಲಿಟ್ಟರೆಂದು ಹೊಡೆದಾಟವಾಗಿತ್ತು. ದೊಡ್ಡಪ್ಪನ ಕೈ ಮುರಿದಿತ್ತು. ಅಧಿಕಾರಿಗಳು ಬಂದು ಶಾಂತಿಸಭೆ ನಡೆಸಿದ್ದರು.

ದೊಡ್ಡವ್ವ ಜಗುಲಿಯ ಮೇಲೆ ಕೂತು ಕ್ಯಾಮರಾ ಮುಂದೆ ಮಾತಾಡಿದಳು.

"ಪಟ್ಟಿ ಕಟ್ಟಿದ್ ಕೈಲೇ ನಿಮ್ ದೊಡ್ಡಪ್ಪ ಎಲ್ರುಗೂ ಕೈ ಮುಗುದ್ರು ಕಣವ್ವ. ಆಮ್ಯಾಕೆ ಟೀ ಕೊಟ್ರು. ನಮ್ಮೋರ್ ಲೋಟ ಬ್ಯಾರೆ ಇಟ್ಟಿದ್ರು."

ಮೇಲಿನ ಬೀದಿಯ ಗೌಡರು ಆಗ ಊರಿನ ಯಜಮಾನರು. ಅವರು ಮಾತಾಡುತ್ತಾರೆಂದು ನಾನು ಎಣಿಸಿಯೇ ಇರಲಿಲ್ಲ.

"ಅವತ್ತು ನಾನು ತಡೀಬೋದಾಗಿತ್ತು. ತಡೀನಿಲ್ಲ ಕಣಮ್ಮ," ಎಂದರು. ಕ್ಯಾಮರಾ ಕಡೆ ಕೈ ತೋರಿಸಿ, "ಇದ್ನೂ ಆಕ್ಬುಡು. ಕೇಳ್ಲಿ ಎಲ್ರೂವೆ," ಎಂದರು.

ಹಾಕಿದೆವು. ಯಾರೋ ಆ ಎರಡು ಮಾತನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು. 'ತಪ್ಪು ಒಪ್ಪಿಕೊಂಡ ಗೌಡ' ಎಂದು ಮೇಲೆ ಬರೆದಿತ್ತು. ಅವರ ಮಕ್ಕಳು ನಮ್ಮ ಕೇರಿಗೆ ಬಂದು ಕೂಗಾಡಿದರು. "ನಮ್ಮಪ್ಪಂಗೆ ವಯಸ್ಸಾಗದೆ, ಪುಸಲಾಯ್ಸಿ ಬಾಯ್ ಬುಡ್ಸವ್ಳೆ!" ಸಂಜೆ ಟೀ ಅಂಗಡಿ ಹತ್ತಿರ ಕೈ ಕೈ ಮಿಲಾಯಿಸಿದರು, ನಮ್ಮವರದೊಂದು ಬೈಕು ಸುಟ್ಟುಹೋಯಿತು. ಪೊಲೀಸ್ ವ್ಯಾನು ಬಂತು.

ಮಾರನೇ ದಿನ ಬೆಳಿಗ್ಗೆ ಪಂಚಾಯ್ತಿ ಕಟ್ಟಡದಲ್ಲಿ ಮತ್ತೆ ಶಾಂತಿಸಭೆ. ಗೌಡರನ್ನು ಮಕ್ಕಳು ಕರೆತರಲಿಲ್ಲ. ಬೈಕಿನ ವಿಷಯ ಬಗೆಹರಿಯಲಿಲ್ಲ, ದೇವಸ್ಥಾನದ ವಿಷಯ ಯಾರೂ ಎತ್ತಲಿಲ್ಲ. ಎರಡೂ ಕಡೆಯವರು ಒಪ್ಪಿದ್ದು ಒಂದಕ್ಕೇ: ವಿಡಿಯೊಗಳನ್ನೆಲ್ಲ ತೆಗೆಯಬೇಕು.

ನಾನು ಎದ್ದು ನಿಂತೆ. "ಅದರಲ್ಲಿ ಸುಳ್ಳು ಯಾವುದು ಹೇಳಿ."

ಉತ್ತರ ಕೊಟ್ಟದ್ದು ನನ್ನ ಸ್ವಂತ ಚಿಕ್ಕಪ್ಪನ ಮಗ. "ಸುಳ್ಳಲ್ಲ ಕಣಕ್ಕ. ನೀನು ಬಸ್ಸತ್ತಿ ಮಂಡ್ಯಕ್ಕೋಯ್ತೀಯ. ಕಬ್ಬು ಕಡಿಯಕ್ಕೆ ನಾವು ಅವರ್ ಗದ್ದೆಗೇ ಓಗ್ಬೇಕಲ್ಲ."

ಕೂತೆ. ಗೆಳೆಯರಿಗೆ ಅಲ್ಲಿಂದಲೇ ಫೋನು ಮಾಡಿದೆ. ಮಧ್ಯಾಹ್ನದೊಳಗೆ ನಮ್ಮೂರಿನ ಪುಟ ಖಾಲಿಯಾಯಿತು.

ದೊಡ್ಡವ್ವನಿಗೆ ನಾನೇ ಹೇಳಬೇಕಿತ್ತು. ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ನಂದೂ ತಗುದ್ಬುಟ್ಯಾ?"

"ಹೂಂ, ದೊಡ್ಡವ್ವ."

"ಮತ್ಯಾಕವ್ವ ಕೇಳ್ದೆ?"

ಸೊಪ್ಪಿನ ಕಟ್ಟೊಂದನ್ನು ಎಳೆದುಕೊಂಡು ನಾನೂ ಬಿಡಿಸತೊಡಗಿದೆ. ಈಗಲೂ ಊರಿಗೆ ಹೋದಾಗ ಅವಳ ಪಕ್ಕ ಕೂರುತ್ತೇನೆ. ಕ್ಯಾಮರಾ ಒಯ್ಯುವುದಿಲ್ಲ. ನಾನು ದೊಡ್ಡಪ್ಪನ ಮಾತೆತ್ತಿದರೆ ಅವಳು ನಲ್ಲಿ ನೀರು ಬಿಟ್ಟರಾ, ಊಟ ಆಯ್ತಾ ಎನ್ನುತ್ತಾಳೆ.